ಹೆಸರು ಹಿಡಿದು ಕರೆದವಳು

ಭದ್ರಾವತಿಯ ಕಾರ್ಖಾನೆ ಕೂಲಿಗಳ ಮನೆಸಾಲು ಇದ್ದ ಲೈನಿಗೆ ಬಂದು ದ್ಯಾಮಮ್ಮನ ಮನೆ ಯಾವುದೆಂದು ಕೇಳಿದರೆ ಜನ ಮೊದಲು “ಯಾವ ದ್ಯಾಮಮ್ಮ?” ಎನ್ನುತ್ತಿದ್ದರು. ಗಂಡನ ಹೆಸರು ಕೂಗಿದವಳು ಎಂದರೆ ಸಾಕು, ಬೀದಿಯಲ್ಲಿ ಗೋಲಿ ಆಡುವವರೂ ಬೆರಳು ತೋರಿಸುತ್ತಿದ್ದರು. ಆ ಲೈನಿನಲ್ಲಿ ಕುಡಿದು ಚರಂಡಿಗೆ ಬಿದ್ದವರಿದ್ದರು, ಹೆಂಡತಿಯನ್ನು ಬಡಿದು ತವರಿಗೆ ಅಟ್ಟಿದವರಿದ್ದರು, ನೆರೆಮನೆಯ ಕೋಳಿಯನ್ನು ಸಾರು ಮಾಡಿ ಉಂಡು ಆಮೇಲೆ ಆ ಮನೆಯವರ ಜೊತೆಗೇ ಕೋಳಿ ಹುಡುಕಲು ಹೊರಟವರೂ ಇದ್ದರು. ಅವರಾರಿಗೂ ಇಲ್ಲದ ಅಡ್ಡಹೆಸರು ಇವಳೊಬ್ಬಳಿಗೆ ಅಂಟಿತು. ಅವಳು ಮಾಡಿದ್ದು ಇಷ್ಟೇ: ಕಟ್ಟಿಕೊಂಡ ಗಂಡನನ್ನು ಒಂದು ದಿನ ಅವನ ಹೆಸರು ಹಿಡಿದು ಕರೆದಳು.

ಈಗಿನ ಹೆಣ್ಣುಮಕ್ಕಳು ಇದನ್ನು ಕೇಳಿದರೆ ನಗುತ್ತಾರೆ. ನಗಲಿ. ಆ ಕಾಲದಲ್ಲಿ ಗಂಡನ ಹೆಸರು ಹೆಂಡತಿಯ ಬಾಯಿಗೆ ಬಂದರೆ ಅವನ ಆಯುಸ್ಸು ಅಷ್ಟಷ್ಟೇ ಮೊಟಕಾಗುತ್ತದೆ ಎಂದು ಹೆಂಗಸರು ನಂಬಿದ್ದರು. ಗಂಡಸರು ನಂಬಿದ್ದರೋ ಇಲ್ಲವೋ, ಹೆಂಗಸರ ನಂಬಿಕೆ ಕೆಡದ ಹಾಗೆ ಮಾತ್ರ ನೋಡಿಕೊಂಡಿದ್ದರು.

ದ್ಯಾಮಮ್ಮ ಗಾಜನೂರಿನ ಕಡೆಯವಳು. ತುಂಗೆಯ ದಂಡೆಯಲ್ಲಿ ಕಂಡವರ ಗದ್ದೆ ನಾಟಿ ಮಾಡುತ್ತ ಬೆಳೆದವಳು. ಭದ್ರಾವತಿಗೆ ಮದುವೆ ಗೊತ್ತಾದಾಗ ಗೆಳತಿಯರು, “ತುಂಗಾಪಾನ ಬಿಟ್ಟು ಭದ್ರೆ ನೀರು ಕುಡಿಯಕ್ಕೆ ಹೋಗ್ತೀಯೇನೇ ಮಾರಾಯ್ತಿ?” ಎಂದು ಹಂಗಿಸಿದ್ದರು. ಆಗ ಕಬ್ಬಿಣದ ಕಾರ್ಖಾನೆ ಶುರುವಾಗಿ ಹತ್ತು ಹನ್ನೆರಡು ವರ್ಷವಾಗಿತ್ತೇನೋ. ಅತ್ತೆ ಹುಚ್ಚಮ್ಮ ಊರನ್ನು ಇನ್ನೂ ಹಳೆಯ ಹೆಸರಿನಿಂದ ಬೆಂಕೀಪುರವೆಂದೇ ಕರೆಯುತ್ತಿದ್ದಳು. ಹಗಲೂ ರಾತ್ರಿ ಕುಲುಮೆ ಉರಿಯುವ ಊರಿಗೆ ಅದಕ್ಕಿಂತ ಒಪ್ಪುವ ಹೆಸರು ಯಾಕೆ ಹುಡುಕಿದರೋ ಎಂದು ಅವಳ ತಕರಾರು.

ಗಂಡನ ಹೆಸರು ಪುಟ್ಟಯ್ಯ. ಮದುವೆಯ ದಿನ ಒಗಟು ಕಟ್ಟಿ ಗಂಡನ ಹೆಸರು ಹೇಳಬೇಕೆಂದು ಹೆಂಗಸರೆಲ್ಲ ಬಾಗಿಲಿಗೆ ಅಡ್ಡ ನಿಂತಾಗ ದ್ಯಾಮಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡು ಅವರ ಕೈಕೆಳಗೆ ನುಸುಳಿ ಒಳಗೆ ಓಡಿದ್ದಳು. ಅಲ್ಲಿಂದಾಚೆಗೆ ‘ಪುಟ್ಟ’ ಎಂಬ ಮಾತೇ ಅವಳ ಬಾಯಿಂದ ಬಿದ್ದುಹೋಯಿತು. ಪುಟ್ಟ ಮಡಕೆ ಸಣ್ಣ ಮಡಕೆಯಾಯಿತು. ನೆರೆಮನೆಯ ಪುಟ್ಟಮ್ಮನನ್ನು ಸಣ್ಣಮ್ಮ ಎಂದು ಕರೆದಳು. ಆಕೆ ಯಾರನ್ನೋ ಕರೆಯುತ್ತಿದ್ದಾಳೆಂದು ತಿರುಗಿಯೂ ನೋಡಲಿಲ್ಲ. ಪುಟ್ಟಯ್ಯ ತುಂಟ. ಒಂದು ದಿನ ನಿಂಬೆಹಣ್ಣು ಹಿಡಿದು ಬಂದು, “ಇದೆಂಥ ಹಣ್ಣೇ?” ಎಂದ.

“ಸಣ್ಣ ನಿಂಬೆಹಣ್ಣು.”

“ಸಣ್ಣದಕ್ಕೆ ಇನ್ನೊಂದು ಮಾತು ಏನೇ?”

“ಚಿಕ್ಕದು.”

“ಮತ್ತೊಂದು?”

ಅವಳು ಹಣ್ಣನ್ನು ಕಿತ್ತುಕೊಂಡು ಅವನ ಎದೆಗೇ ಎಸೆದಳು. ಹುಚ್ಚಮ್ಮ ಒಳಗಿನಿಂದ, “ಆಡ್ರಪ್ಪ ಆಡ್ರಿ, ನಿಂಬೆಹಣ್ಣು ಪುಕ್ಕಟೆ ಬಂದದೆ” ಎಂದಳು.

ಪುಟ್ಟಯ್ಯನ ಕೆಲಸ ಕಾರ್ಖಾನೆಯ ಒಳಗಲ್ಲ. ಅದಿರು ಅಗೆಯುವುದು ಬಾಬಾಬುಡನ್ ಗಿರಿಸಾಲಿನ ಮೇಲೆ. ಅಲ್ಲಿಂದ ಅದಿರು ತೊಟ್ಟಿಗಳಲ್ಲಿ ಕುಳಿತು ತಂತಿಹಗ್ಗದ ಮೇಲೆ ತೂಗುತ್ತ ದೊರೆಯ ಹಾಗೆ ಕೆಳಗಿಳಿಯುತ್ತಿತ್ತು. ಮನುಷ್ಯರು ಮಾತ್ರ ತಮ್ಮ ಕಾಲಮೇಲೆ ಹತ್ತಿ ಇಳಿಯಬೇಕು. ಮೇಲಿನ ಕೂಲಿ ಬಿಡಾರಗಳಿಗೆ ಟಪ್ಪಾಲು, ಔಷಧಿ, ಹೊಗೆಸೊಪ್ಪು ಹೊತ್ತು ಏರುವುದು, ಅಲ್ಲಿಯ ಸುದ್ದಿ ಹೊತ್ತು ಇಳಿಯುವುದು ಪುಟ್ಟಯ್ಯನ ಕೆಲಸ. ಆ ಗುಡ್ಡಗಳ ಹುಚ್ಚು ಅವನಿಗೆ. ಮನೆಗೆ ಬಂದಾಗಲೆಲ್ಲ ಅದೇ ಕತೆ: ಮೋಡ ಕಾಲ ಕೆಳಗೆ ಹೋಗುವುದು, ಗುಡ್ಡದ ಬೆನ್ನಾದ ಏಣಿನ ಮೇಲೆ ಗಾಳಿಗೆ ಹುಲ್ಲೆಲ್ಲ ಒಂದೇ ಕಡೆ ಮಲಗುವುದು, ಮುಂಗಾರಿನಲ್ಲಿ ರಕ್ತ ಹೀರುವ ಇಂಬಳಗಳು ಕಾಲಿಗೆ ಹತ್ತಿದ್ದೇ ಗೊತ್ತಾಗದಿರುವುದು. “ಒಂದ್ಸಲ ನಿನ್ನೂ ಕರ್ಕೊಂಡು ಹೋಗ್ತೀನಿ ಕಣೇ” ಎನ್ನುವನು. ದ್ಯಾಮಮ್ಮ ಬಾನು ತಿಳಿಯಾದ ಬೆಳಗುಗಳಲ್ಲಿ ಹಿತ್ತಲಿಗೆ ಹೋಗಿ ತೆಂಕಣ ದಿಕ್ಕಿನ ನೀಲಿ ಗೆರೆಯನ್ನು ನೋಡುವಳು. ದೂರದ ಬೆಟ್ಟ ನುಣ್ಣಗೆ ಅಂತಾರಲ್ಲ, ಅಷ್ಟೇ ನುಣ್ಣಗೆ ಕಾಣುತ್ತಿತ್ತು.

ಒಮ್ಮೆ ಊಟಕ್ಕೆ ಕೂತಾಗ ಅವನು ಮೋಹಿನಿಯ ವಿಷಯ ತೆಗೆದ. ಗುಡ್ಡದಲ್ಲಿ ಗಂಡಸರು ಒಬ್ಬರನ್ನೊಬ್ಬರು ‘ಕೂ’ ಹಾಕಿ ಕರೆಯುತ್ತಾರೆ. ಗಂಡು ದನಿಯ ಕೂಗಿಗೆ ಕೂಗು ಕೊಡಬಹುದು. ಹೆಣ್ಣು ದನಿ ಕೇಳಿದರೆ ಮಾತ್ರ ಬಾಯಿ ಬಿಡಕೂಡದು.

“ಅವ್ಳು ಹೆಂಡ್ತಿ ದನೀಲೇ ಕರೀತಾಳೆ. ರೀ ಅಂತಾಳೆ. ನಾನೇ ಕಣ್ರೀ ಅಂತಾಳೆ. ಓ ಅಂದ್ರೆ ಕಮರಿಗೆ ಎಳ್ಕೊಂಡು ಹೋಗ್ತಾಳೆ.”

“ಅಯ್ಯೋ, ಮತ್ತೆ ಗುರ್ತು ಹೆಂಗೆ?” ಎಂದಳು ದ್ಯಾಮಮ್ಮ.

“ತೊಟ್ಟಿಲಲ್ಲಿ ಕಿವಿಗೆ ಊದಿದ ಹೆಸ್ರಿರತ್ತಲ್ಲ, ಅದು ಅವ್ಳ ನಾಲಿಗೆಗೆ ಹತ್ತಲ್ಲ. ಹೆಸ್ರು ಹಿಡಿದು ಕರೆದ್ರೆ ಮನುಷ್ಯರು. ಇಲ್ದಿದ್ರೆ ಅವ್ಳೇ.”

ದ್ಯಾಮಮ್ಮ ಅವನ ಎಲೆಗೆ ಇನ್ನಷ್ಟು ಸಾರು ಬಿಟ್ಟು ಆ ಮಾತನ್ನು ಅಲ್ಲಿಗೇ ಮರೆತಳು.

ಮದುವೆಯಾದ ಮೂರನೆಯ ವರ್ಷ, ಮಹಾಲಯ ಅಮಾವಾಸ್ಯೆ ಹತ್ತಿರ ಬಂತು. ಮನೆಯಲ್ಲಿ ಇನ್ನೂ ಮಕ್ಕಳಿರಲಿಲ್ಲ. ಅತ್ತೆ, ಗಂಡ, ತಾನು, ಇಷ್ಟೇ ಜನ. ಹಿರಿಯರಿಗೆ ಎಡೆ ಇಡುವ ಹಬ್ಬಕ್ಕೆ ಮಗ ಇಲ್ಲದೆ ಆಗುವುದಿಲ್ಲವೆಂದು ಹುಚ್ಚಮ್ಮ ಮೇಲಕ್ಕೆ ಹೋಗುವವರ ಕೈಯಲ್ಲೆಲ್ಲ ಹೇಳಿ ಕಳಿಸಿದಳು. “ಬರದಿದ್ರೆ ನನ್ನ ಹೆಣ ನೋಡ್ಲಿ ಅಂತ ಹೇಳಪ್ಪ” ಎಂದೂ ಸೇರಿಸಿದಳು. ತಾಯಂದಿರು ಹೀಗೆ ಮಾತಿಗೆ ಹೇಳುವುದುಂಟು.

ಅಮಾವಾಸ್ಯೆಯ ದಿನ ಕುಂಬಳಕಾಯಿ ಹುಳಿ, ವಡೆ, ಪಾಯಸ ಎಲ್ಲ ಆಯಿತು. ಎಡೆಯ ಮುಂದೆ ಕೂರಬೇಕಾದವನು ಬರಲಿಲ್ಲ. ಮಾರನೆಯ ದಿನ ಮೇಸ್ತ್ರಿ ಶೇಷಪ್ಪ ಬಂದ. ಬಿಡಾರದ ಕೂಲಿಗಳೆಲ್ಲ ಇವನ ಕೈಕೆಳಗಿನವರು. ಅವನು ಸುದ್ದಿ ತಂದಿದ್ದ. ಪುಟ್ಟಯ್ಯ ಹಬ್ಬದ ಹಿಂದಿನ ದಿನವೇ ಬಿಡಾರ ಬಿಟ್ಟು ಇಳಿದಿದ್ದ. ಜನ ತಂತಿಹಗ್ಗದ ಕಡೆಯ ದಾರಿಯುದ್ದಕ್ಕೂ ‘ಕೂ’ ಹಾಕಿ ಹುಡುಕಿದ್ದರು. ಎಲ್ಲೂ ಇಲ್ಲ.

“ಹಸ್ತದ ಮಳೆ ಹಿಡ್ದದೆ, ಮಂಜು ಮುಸುಕಿದೆ. ಕೈಗೆ ಕೈ ಕಾಣಲ್ಲ” ಎಂದ ಶೇಷಪ್ಪ. ಆಮೇಲೆ ಹೊರಡುವಾಗ ನಾಲಿಗೆ ತಡೆಯದೆ, “ಇಲ್ಲಾ ಕೋಲಾರದ ಗಣಿ ಕಡೆ ಹೋಗಿದ್ರೂ ಹೋಗಿರ್ಬಹುದು. ಗಂಡಸ್ರ ಮನಸ್ಸು ಯಾರಿಗೆ ಗೊತ್ತು?” ಎಂದುಬಿಟ್ಟ.

ಹುಚ್ಚಮ್ಮ ಎದೆ ಬಡಿದುಕೊಂಡಳು. ಮಂಡಿನೋವಿನಿಂದ ಅವಳಿಗೆ ಬಾವಿಯವರೆಗೂ ನಡೆಯಲಾಗುತ್ತಿರಲಿಲ್ಲ. ಅಂಥವಳು ಗುಡ್ಡಕ್ಕೆ ಹೋಗುತ್ತೇನೆಂದು ಎದ್ದು ಎರಡು ಹೆಜ್ಜೆಗೇ ಬಿದ್ದಳು. ದ್ಯಾಮಮ್ಮ ಅತ್ತೆಯನ್ನು ಎತ್ತಿ ಕೂರಿಸಿ, ಕಂಬಳಿ ಮಡಚಿ ತಲೆಯ ಮೇಲೆ ಹಾಕಿಕೊಂಡು, ಒಂದಿಷ್ಟು ಅವಲಕ್ಕಿ ಕಟ್ಟಿಕೊಂಡಳು. ಹೆಂಗಸು ಒಬ್ಬಳೇ ಗುಡ್ಡಕ್ಕೆ ಹೋಗುವುದುಂಟೇ ಎಂದು ಲೈನಿನವರು ಅಂದರು. ಹಾಗೆ ಅಂದವರಲ್ಲಿ ಒಬ್ಬರೂ ಜೊತೆಗೆ ಬರುತ್ತೇನೆ ಎನ್ನಲಿಲ್ಲ.

ಅದಿರಿನ ಸಣ್ಣ ರೈಲಿನಲ್ಲಿ ಗಾರ್ಡಿನ ಕೈಕಾಲು ಹಿಡಿದು ಅವಳು ಗುಡ್ಡದ ಬುಡ ಸೇರಿದಳು. ಅಲ್ಲಿಯ ಹಳ್ಳಿಯ ಕೊನೆಯ ಮನೆ ಮಾಸ್ತಮ್ಮನದು. ಮಾಸ್ತಮ್ಮ ವಿಧವೆ, ಗುಡ್ಡದಿಂದ ಸೀಗೆಕಾಯಿ, ಕರಡದ ಹುಲ್ಲು ತಂದು ಮಾರಿ ಬದುಕುವವಳು. ಪುಟ್ಟಯ್ಯ ಹತ್ತುವಾಗ ಇಳಿಯುವಾಗ ಅವಳ ಜಗುಲಿಯಲ್ಲಿ ಕೂತು ನೀರು ಬೆಲ್ಲ ತೆಗೆದುಕೊಂಡೇ ಹೋಗುವವನು, ಅವಳನ್ನು ಅಕ್ಕ ಎನ್ನುವವನು. ಇದು ದ್ಯಾಮಮ್ಮನಿಗೆ ಅವನ ಬಾಯಿಂದಲೇ ಗೊತ್ತಿತ್ತು.

“ಇಳಿದಿಲ್ಲ ಕಣಮ್ಮ” ಎಂದಳು ಮಾಸ್ತಮ್ಮ, ಕೇಳುವ ಮೊದಲೇ. “ನನ್ನ ಜಗುಲಿ ಮೆಟ್ಟದೆ ಹೋದೋನಲ್ಲ ಅವ್ನು. ಕೋಲಾರವೂ ಇಲ್ಲ, ಗೀಲಾರವೂ ಇಲ್ಲ. ಮೇಲೇ ಅವ್ನೆ.”

“ಎಲ್ಲಿ ಅಂತ ಹುಡುಕ್ಲಿ ಅಕ್ಕ?”

ಮಾಸ್ತಮ್ಮ ಮಂಜಿನ ಕಡೆ ನೋಡುತ್ತ ಯೋಚಿಸಿದಳು. ತಂತಿಹಗ್ಗದ ದಾರಿ ಸುತ್ತು. ಹಬ್ಬಕ್ಕೆ ಅವಸರದಲ್ಲಿ ಹೊರಟವನು ಆ ದಾರಿ ಹಿಡಿದಿರಲಾರ. ಕತ್ತಿ ಏಣಿನ ಮೇಲಿನ ಕಾಲುದಾರಿ ಹಿಡಿದಿರಬೇಕು. ಕತ್ತಿ ಏಣು ಎಂದರೆ ಎರಡು ಕಡೆಯೂ ಕಮರಿ ಇರುವ, ಹುಲ್ಲು ಬೆಳೆದ ಕಿರಿದಾದ ಬೆನ್ನು. ಬಿಸಿಲಿನಲ್ಲಿ ಆಡು ಮೇಯುವ ಜಾಗ. ಮಳೆಯಲ್ಲಿ ಆಡೂ ಅತ್ತ ಹೋಗುವುದಿಲ್ಲ. ಹುಡುಕಲು ಬಂದ ಗಂಡಸರು ಆ ಕಡೆ ಕಾಲಿಟ್ಟಿರಲಿಲ್ಲ.

ಮಾಸ್ತಮ್ಮ ಕತ್ತಿ ಸೊಂಟಕ್ಕೆ ಸಿಕ್ಕಿಸಿ ತಾನೇ ಮುಂದೆ ನಡೆದಳು. ಕಾಡಿನ ಕೆಳಗೆ ಕತ್ತಲು, ಕೊಳೆತ ಎಲೆ, ಬೇರು. ಕಾಡು ಮುಗಿದ ಮೇಲೆ ಬೋಳುಗುಡ್ಡ, ಗಾಳಿ. ಒದ್ದೆ ಹುಲ್ಲು ಎಣ್ಣೆ ಸವರಿದ ಹಾಗೆ ಜಾರುತ್ತಿತ್ತು. ಗದ್ದೆಯ ಬದುವಿನ ಮೇಲೆ ಓಡಾಡಿದ ಕಾಲು ದ್ಯಾಮಮ್ಮನದು. ಏರು ಹತ್ತುವಾಗ ಮೀನಖಂಡ ಹಗ್ಗ ಹೊಸೆದಂತೆ ಬಿಗಿದುಕೊಂಡಿತು. ಬಿದ್ದಳು, ಎದ್ದಳು, ಕೈಕಾಲು ನೆಲಕ್ಕೆ ಊರಿ ಹತ್ತಿದಳು. ಹಿಮ್ಮಡಿಯಿಂದ ರಕ್ತ ಇಳಿಯುತ್ತಿರುವುದನ್ನು ಮಾಸ್ತಮ್ಮ ತೋರಿಸಿದಾಗ, “ಇಂಬಳ ಬಿಡಕ್ಕ, ಕುಡೀಲಿ” ಎಂದಳು. ಇದೇ ಏರನ್ನು ಅವನು ಎಷ್ಟು ಸಲ ಹತ್ತಿದನೋ, ಹತ್ತಿ ಬಂದು ಮನೆಯಲ್ಲಿ ನಗುತ್ತ ಹೇಳಿದನೋ ಎಂದು ನೆನೆದಾಗ ಅವಳಿಗೆ ಅಳು ಉಕ್ಕಿತು.

ಏಣಿನ ಬುಡದಿಂದ ಕೂಗಲು ಶುರು ಮಾಡಿದಳು.

“ರೀ... ಎಲ್ಲಿದ್ದೀರಿ... ರೀ...”

ಮಂಜು ದನಿಯನ್ನು ನುಂಗಿಕೊಂಡಿತು. ಹತ್ತು ಹೆಜ್ಜೆ ನಡೆಯುವುದು, ನಿಂತು ಕೂಗುವುದು, ಕಿವಿಗೊಡುವುದು. “ನಾನ್ರೀ... ದ್ಯಾಮಿ ಬಂದೀನಿ... ಒಂದ್ಸಲ ಓ ಅನ್ರೀ...” ಗಾಳಿಯ ಸದ್ದು ಬಿಟ್ಟರೆ ಏನಿಲ್ಲ. ಸಂಜೆಯವರೆಗೆ ಕೂಗಿ ಅವಳ ಗಂಟಲು ಒಡೆಯಿತು. ಬೆಳಕು ಹೋದ ಮೇಲೆ ಇಬ್ಬರೂ ಒಂದು ಬಂಡೆಯ ಕೆಳಗೆ ಕಂಬಳಿ ಹೊದ್ದು ಮುದುಡಿಕೊಂಡರು. ದ್ಯಾಮಮ್ಮ ಕಣ್ಣು ಮುಚ್ಚಲಿಲ್ಲ.

ಮರುದಿನ ಬೆಳಗ್ಗೆ, ಏಣಿನ ನಡುವಿನಲ್ಲಿ, ಒಂದು ಪೊದೆಗೆ ಸಿಕ್ಕಿದ, ಮಳೆಗೆ ಹೊದೆಯುವ ಕಂಬಳಿಕೊಪ್ಪೆ ಕಂಡಿತು. ಅದರ ಅಂಚಿಗೆ ಹಸಿರು ದಾರದ ಹೊಲಿಗೆ. ಆ ಹೊಲಿಗೆ ಹಾಕಿದವಳು ದ್ಯಾಮಮ್ಮನೇ. ಪೊದೆಯಿಂದ ಕೆಳಕ್ಕೆ ಹುಲ್ಲು ಕಿತ್ತುಹೋಗಿತ್ತು, ಮಣ್ಣು ಜಾರಿತ್ತು, ಅದರಾಚೆ ಬರೀ ಬಿಳಿ ಮಂಜು. ಅವಳು ಕೊಪ್ಪೆಯನ್ನು ಎದೆಗೆ ಅವುಚಿಕೊಂಡು ಅಂಚಿಗೆ ಬೋರಲು ಬಿದ್ದು ಕಿರುಚಿದಳು.

“ರೀ... ರೀ... ಅಯ್ಯೋ, ಓ ಅನ್ರೀ...”

ಉತ್ತರವಿಲ್ಲ. ಮತ್ತೆ ಕೂಗಿದಳು. ಮತ್ತೆ ಇಲ್ಲ. ಮಾಸ್ತಮ್ಮ ಅವಳ ಸೆರಗು ಹಿಡಿದು ಹಿಂದಕ್ಕೆ ಎಳೆದಳು.

“ಏಳು ಮಗಳೇ. ಜೀವ ಇದ್ದಿದ್ರೆ ಇಷ್ಟೊತ್ತಿಗೆ ಓಗೊಡ್ತಿದ್ದ. ಕೆಳಗಿಳಿದು ಜನ ಕರೆಯಣ. ಹೆಣಾನಾದ್ರೂ ಸಿಕ್ಲಿ.”

ಹೆಣ ಎಂಬ ಮಾತು ಕೇಳಿ ದ್ಯಾಮಮ್ಮ ಎದ್ದಳು. ನಾಲ್ಕು ಹೆಜ್ಜೆ ಹಿಂದಕ್ಕೆ ನಡೆದಳು ಕೂಡ. ಆಗ, ಸಾರಿನ ಸೌಟು ಹಿಡಿದು ಕೇಳಿದ್ದ ಆ ಮಾತು ಎಲ್ಲಿಂದಲೋ ಬಂದು ಅವಳ ತಲೆಗೆ ಹೊಡೆಯಿತು. ಹೆಂಡತಿ ದನಿಯಲ್ಲೇ ಕರೀತಾಳೆ. ರೀ ಅಂತಾಳೆ. ನಾನೇ ಕಣ್ರೀ ಅಂತಾಳೆ.

ನಿನ್ನೆಯಿಂದ ಅವಳು ಕೂಗಿದ್ದು ಅಕ್ಷರ ಅಕ್ಷರವೂ ಅದನ್ನೇ.

“ಅಕ್ಕ” ಎಂದು ಮಾಸ್ತಮ್ಮನ ಕೈ ಹಿಡಿದಳು. “ಅವ್ರಿಗೆ ಕೇಳಿಸ್ತಿರ್ಬಹುದು. ಮೋಹಿನಿ ಅಂತ ಬಾಯಿ ಮುಚ್ಕೊಂಡಿದಾರೆ. ಹೆಸ್ರು ಹಿಡಿದು ಕರೀಬೇಕು. ನೀನು ಕರಿಯಕ್ಕ, ನಿನ್ನ ಕಾಲಿಗೆ ಬೀಳ್ತೀನಿ.”

ಮಾಸ್ತಮ್ಮ ಬಾಯಿ ತೆರೆದಳು. ತೆರೆದ ಬಾಯಿ ಹಾಗೇ ಮುಚ್ಚಿತು.

“ನಮ್ಮೆಜಮಾನ್ರದೂ ಅದೇ ಹೆಸ್ರು ಕಣೇ.”

ಆ ಸೀಮೆಯಲ್ಲಿ ಊರಿಗೆ ನಾಲ್ಕು ಮಂದಿ ಪುಟ್ಟಯ್ಯಂದಿರು. ಗ್ರಹಚಾರ ನೋಡಿ.

“ಅವ್ರು ಹೋಗಿ ಎಷ್ಟೋ ವರ್ಷ ಆಯ್ತಲ್ಲಕ್ಕ. ಇನ್ನು ಆಯುಸ್ಸು ಎಲ್ಲಿದೆ ಕಮ್ಮಿ ಆಗಕ್ಕೆ?”

“ಪಕ್ಷಮಾಸ ನಿನ್ನೆ ಮೊನ್ನೆ ಮುಗಿದದೆ. ಸತ್ತೋರಿನ್ನೂ ದಾರೀಲಿ ಇರ್ತಾರೆ. ಗುಡ್ಡದ ಮೇಲೆ ನಿಂತು ಆ ಹೆಸ್ರು ಕೂಗಿದ್ರೆ ಅವ್ರೇ ಎದ್ದು ಬಂದ್ರೆ ನಾನೇನು ಮಾಡ್ಲಿ? ನನ್ನ ಕೈಲಾಗಲ್ಲ ಮಗಳೇ. ಜೀವ ಕೇಳು, ಕೊಡ್ತೀನಿ. ಇದು ಮಾತ್ರ ಕೇಳ್ಬೇಡ.” ಮಾಸ್ತಮ್ಮ ಅಳುತ್ತಿದ್ದಳು. ಅವಳು ಸುಳ್ಳು ಹೇಳುತ್ತಿರಲಿಲ್ಲ. ಹುಲಿಗೆ ಹೆದರದವಳು ಆ ಮೂರು ಅಕ್ಷರಕ್ಕೆ ಹೆದರುತ್ತಿದ್ದಳು.

ದ್ಯಾಮಮ್ಮ ಒಬ್ಬಳೇ ಅಂಚಿಗೆ ಬಂದು ನಿಂತಳು. ಅತ್ತ ದರಿ, ಇತ್ತ ಪುಲಿ. ಕೂಗದಿದ್ದರೆ ಅವನು ಅಲ್ಲೇ ಸಾಯುತ್ತಾನೆ. ಕೂಗಿದರೆ ಕೂಗಿದ ಪಾಪಕ್ಕೆ ಸಾಯುತ್ತಾನೆ. ಒಮ್ಮೆ ಬಾಯಿ ತೆರೆದಳು, ಬರೀ ಉಸಿರು ಬಂತು. ತಾಳಿಯನ್ನು ಹಲ್ಲಿನ ನಡುವೆ ಕಚ್ಚಿ, ಬಿಟ್ಟು, “ದೇವ್ರೇ, ಕಮ್ಮಿ ಮಾಡೋದಾದ್ರೆ ನಂದು ಮಾಡು” ಎಂದಳು. ಆಮೇಲೆ ಕೂಗಿದಳು.

“ಪುಟ್ಟಯ್ಯಾ...”

ಅವಳ ದನಿ ಅವಳಿಗೇ ಬೇರೆ ಯಾರದೋ ಅನಿಸಿತು. ಮಾಸ್ತಮ್ಮ ಎರಡೂ ಕಿವಿ ಮುಚ್ಚಿಕೊಂಡು ನೆಲಕ್ಕೆ ಕೂತುಬಿಟ್ಟಳು.

“ಪುಟ್ಟಯ್ಯಾ... ಓ ಪುಟ್ಟಯ್ಯಾ...”

ಕೆಳಗಿನ ಬಿಳುಪಿನಿಂದ, ಎಷ್ಟೋ ಆಳದಿಂದ, ಬಂತು.

“ಓ...”

ಅವಳು ಹೇಗೆ ಇಳಿದಳೋ ಅವಳಿಗೂ ನೆನಪಿರಲಿಲ್ಲ. ಹುಲ್ಲು ಹಿಡಿದು, ಬೇರು ಹಿಡಿದು, ಕುಂಡೆಯ ಮೇಲೆ ಜಾರಿ ಇಳಿದಳಂತೆ. ಹೊರಚಾಚಿದ ಒಂದು ಬಂಡೆಯ ಮೇಲೆ ಪುಟ್ಟಯ್ಯ ಬಿದ್ದಿದ್ದ. ಬಲಗಾಲು ಮಂಡಿಯ ಕೆಳಗೆ ಮುರಿದು ಮೂಳೆ ಹೊರಗೆ ಬಂದಿತ್ತು. ಬಂಡೆಯಿಂದ ತೊಟ್ಟಿಕ್ಕುವ ನೀರು ನೆಕ್ಕಿ ಜೀವ ಹಿಡಿದುಕೊಂಡಿದ್ದ. ಬಾಯಿಗೆ ತನ್ನ ಟವಲನ್ನು ತುರುಕಿಕೊಂಡು ಕಟ್ಟಿಕೊಂಡಿದ್ದ, ಅದೀಗ ಕುತ್ತಿಗೆಗೆ ಜಾರಿತ್ತು.

“ನಿನ್ನೆಯಿಂದ ಕೇಳ್ತಿತ್ತು ಕಣೇ” ಎಂದ. “ನಿನ್ನ ದನೀನೇ. ನಾನು ದ್ಯಾಮಿ ಅಂತಿತ್ತು. ನೀನೆಲ್ಲಿ, ಈ ಗುಡ್ಡ ಎಲ್ಲಿ? ಅವ್ಳೇ ಅಂತ ಖಾತ್ರಿ ಆಯ್ತು. ಬಾಯಿ ತಪ್ಪಿ ಓ ಅಂದ್ಬಿಟ್ರೆ ಅಂತ ಬಟ್ಟೆ ತುರುಕ್ಕೊಂಡೆ.”

ದ್ಯಾಮಮ್ಮ ಅವನ ಮುಖದ ಮಣ್ಣು ಒರೆಸಿದಳು. ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಮಾಸ್ತಮ್ಮ ಮೇಲಿನಿಂದಲೇ ಕೂಗಿ ಹೇಳಿ ಜನ ಕರೆತರಲು ಓಡಿದಳು. ಮಂಜು ಸ್ವಲ್ಪ ಹರಿದು ಕಣಿವೆ ಕಂಡಿತು, ಅದರಾಚೆ ಬಿಸಿಲು ಬಿದ್ದ ಬಯಲು.

“ಕರ್ಕೊಂಡು ಬರ್ತೀನಿ ಅಂದಿದ್ದೆ. ನೀನೇ ಬಂದೆ” ಎಂದು ಪುಟ್ಟಯ್ಯ ನಗಲು ನೋಡಿದ. ಆಮೇಲೆ, “ಹೆಸ್ರು ಹಿಡಿದೆ ನೀನು” ಎಂದ. “ಇನ್ನೊಂದ್ಸಲ ಅನ್ನು ನೋಡಣ. ಸಣ್ಣಗೆ ಅನ್ನು. ಯಾರೂ ಇಲ್ಲ.”

ಅವಳಿಗೆ ಸಾವಿನ ಬಾಯಲ್ಲೂ ನಾಚಿಕೆ ಬಂತು. ಹೆದರಿಕೆಯೂ ಬಂತು, ಆಗಿದ್ದೇ ಸಾಕು, ಇನ್ನಷ್ಟು ಆಯುಸ್ಸು ಯಾಕೆ ಕಳೆಯಲಿ?

“ಮನೆಗೆ ಹೋಗಣ. ಅಲ್ಲಿ ಅಂತೀನಿ” ಎಂದಳು.

ಹಳ್ಳಿಯ ಗಂಡಸರು ಬಂದು ಅವನನ್ನು ಕಂಬಳಿಯಲ್ಲಿ ಬಿದಿರ ಗಳುವಿಗೆ ಕಟ್ಟಿ ಇಳಿಸಿದರು. ಗಾಡಿ, ರೈಲು, ಮತ್ತೆ ಗಾಡಿ. ಶಿವಮೊಗ್ಗೆಯ ದೊಡ್ಡಾಸ್ಪತ್ರೆ ಸೇರುವಷ್ಟರಲ್ಲಿ ಕಾಲು ತೊಡೆಯವರೆಗೆ ಕಪ್ಪಾಗಿತ್ತು. ವಯಸ್ಸಾದ ಡಾಕ್ಟರು ಬಟ್ಟೆ ಸರಿಸಿ ನೋಡಿ ತಲೆ ಕೊಡವಿದರು. “ಒಂದು ದಿನ ಮೊದಲು ತಂದಿದ್ರೆ ಕಾಲು ತೆಗೆದು ಆಳನ್ನ ಉಳಿಸ್ಕೋಬಹುದಿತ್ತಮ್ಮ. ಒಂದೇ ಒಂದು ದಿನ” ಎಂದರು. ಕನಿಕರದಿಂದಲೇ ಅಂದರು. ದ್ಯಾಮಮ್ಮ ಆ ಮಾತನ್ನು ನುಂಗಿದಳು.

ವಾರ್ಡಿನಲ್ಲಿ ಸಾಲುಸಾಲು ಮಂಚ, ಮಂಚಕ್ಕೊಬ್ಬ ರೋಗಿ, ರೋಗಿಗೆ ನಾಲ್ಕು ಜನ ನೆಂಟರು. ಪುಟ್ಟಯ್ಯ ಜ್ವರದಲ್ಲಿ ಕಣ್ಣು ಬಿಟ್ಟಾಗಲೆಲ್ಲ ಅವಳ ತುಟಿಯನ್ನೇ ನೋಡುತ್ತಿದ್ದ. ಅವನಿಗೆ ಏನು ಬೇಕೆಂದು ಅವಳಿಗೆ ಗೊತ್ತಿತ್ತು. ಅಷ್ಟು ಜನರ ಮುಂದೆ ಹೇಗೆ ಹೇಳುವುದು? ನಾಳೆ ಹೇಳೋಣ, ಜನ ಕಮ್ಮಿಯಾದಾಗ ಹೇಳೋಣ ಎಂದುಕೊಂಡಳು. ದೀಪಾವಳಿ ಬರುವ ಮೊದಲೇ ಅವನು ಹೋದ.

ಊರಿಗೆ ಸುದ್ದಿ ಅವಳಿಗಿಂತ ಮುಂಚೆ ತಲುಪಿತ್ತು. ಮಾಸ್ತಮ್ಮ ಹಳ್ಳಿಯವರಿಗೆ ಹೇಳಿದ್ದಳು, ಹಳ್ಳಿಯವರು ರೈಲಿನವರಿಗೆ ಹೇಳಿದ್ದರು. ಅವಳು ಬಾಗಿಲಿಗೆ ಬಂದಾಗ ಹುಚ್ಚಮ್ಮ ಕೂದಲು ಕೆದರಿಕೊಂಡು ಅಡ್ಡ ನಿಂತಳು.

“ಬಾಯಾರೆ ಕೂಗಿ ಕೊಂದೆಯಲ್ಲೇ! ಗುಡ್ಡ ಕೊಲ್ಲಲಿಲ್ಲ, ಮಳೆ ಕೊಲ್ಲಲಿಲ್ಲ, ನಿನ್ನ ನಾಲಿಗೆ ಕೊಂತು ನನ್ನ ಮಗನ್ನ!”

ಕೂಗಿದ್ದಕ್ಕಲ್ಲ, ಒಂದು ದಿನ ಕೂಗದೇ ಇದ್ದುದಕ್ಕೆ ಅವನು ಸತ್ತದ್ದೆಂದು ದ್ಯಾಮಮ್ಮನಿಗೆ ಗೊತ್ತಿತ್ತು. ಹಾಗೆ ಹೇಳಿ ಅವಳು ಗೆಲ್ಲಬಹುದಿತ್ತು. ಆದರೆ ಅದು ಇನ್ನೂ ಕೆಟ್ಟ ತಪ್ಪು, ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯ ಅವಳಿಗೆ ಬರಲಿಲ್ಲ. ತಲೆ ತಗ್ಗಿಸಿ ಬೈಸಿಕೊಂಡಳು. ತವರಿನವರು ಕರೆಯಲು ಬಂದರು. ಹೋಗಲಿಲ್ಲ. ಮಂಡಿ ಬಿದ್ದ ಮುದುಕಿಗೆ ನೀರು ಸೇದಿ ಕೊಡುವವರು ಯಾರು?

ಹೀಗೆ ಆ ಎರಡು ಹೆಣ್ಣು ಜೀವಗಳು ಒಂದೇ ಸೂರಿನ ಕೆಳಗೆ ಉಳಿದವು. ದ್ಯಾಮಮ್ಮ ಕುಲುಮೆಗೆ ಇದ್ದಿಲು ಹೊರುವ ಕೂಲಿಗೆ ಸೇರಿದಳು. ಸಂಜೆ ಕಪ್ಪಾಗಿ ಬಂದು ಒಲೆ ಹಚ್ಚುವಳು. ಹುಚ್ಚಮ್ಮ ಸೊಸೆಯ ಜೊತೆ ನೇರವಾಗಿ ಮಾತಾಡುವುದನ್ನು ಬಿಟ್ಟಿದ್ದಳು. ಉಪ್ಪು ಬೇಕಾದರೆ ಬೆಕ್ಕಿಗೆ ಹೇಳುವಳು, “ಸಾರಿಗೆ ಉಪ್ಪಿಲ್ಲ ಕಣೋ” ಎಂದು. ದ್ಯಾಮಮ್ಮ ಉಪ್ಪು ತಂದು ಇಡುವಳು. ಲೈನಿಗೆ ಹೊಸ ಮದುವಣಗಿತ್ತಿ ಬಂದರೆ ದ್ಯಾಮಮ್ಮ ಅವಳನ್ನು ಬಾವಿಕಟ್ಟೆಯಲ್ಲಿ ಹಿಡಿದು, “ಮನೆಯೊಳಗಾದ್ರೂ ಒಂದ್ಸಲ ಹೆಸ್ರು ಹೇಳಿ ರೂಢಿ ಮಾಡ್ಕೊಳ್ಳೇ. ಬೇಕಾದಾಗ ಬಾಯಿಗೆ ಬರಲ್ಲ” ಎನ್ನುವಳು. ಆ ಹುಡುಗಿಯರು ಹುಚ್ಚಿಯಿಂದ ತಪ್ಪಿಸಿಕೊಳ್ಳುವಂತೆ ಕೊಡ ಬಿಟ್ಟು ಓಡುತ್ತಿದ್ದರು. ಊರ ಬಾಯಿಗೆ ಬೀಗ ಹಾಕಲಾದೀತೇ? ಅಡ್ಡಹೆಸರು ಗಟ್ಟಿಯಾಯಿತು.

ಪ್ರತಿ ವರ್ಷ ಮಹಾಲಯ ಕಳೆದ ಮೇಲೆ ಅವಳು ಕತ್ತಿ ಏಣಿಗೆ ಹೋಗುತ್ತಿದ್ದಳು. ಮಾಸ್ತಮ್ಮನಿಗೆ ಕಾಲು ಸೋತ ಮೇಲೆ ಒಬ್ಬಳೇ ಹೋದಳು. ಆ ಪೊದೆಯ ಹತ್ತಿರ ಕೂರುವಳು, ಮಂಜು ಏರಿ ಇಳಿಯುವುದನ್ನು ನೋಡುವಳು. ಕೂಗುತ್ತಿರಲಿಲ್ಲ. ಹೇಳುತ್ತೇನೆ ಎಂದು ಮಾತು ಕೊಟ್ಟಿದ್ದು ಮನೆಯಲ್ಲಿ ಹೇಳುತ್ತೇನೆ ಎಂದು. ಮನೆಯಲ್ಲಿ ಹುಚ್ಚಮ್ಮ ಇದ್ದಳು.

ಎರಡನೆಯ ಮಹಾಯುದ್ಧ ಮುಗಿಯುತ್ತ ಬಂದ ಕಾಲಕ್ಕೆ ಹುಚ್ಚಮ್ಮ ಹಾಸಿಗೆ ಹಿಡಿದಳು. ಅನ್ನ ಬಿಟ್ಟಳು, ಗಂಜಿಯೂ ಸೇರದಾಯಿತು. ಒಂದು ಮಧ್ಯಾಹ್ನ ಕಾರ್ಖಾನೆಯ ಸೈರನ್ನಿನ ಕೂಗು ಆಯಿತು. ಪಾಳಿ ಬದಲಾಗಿ ಜನ ಲೈನಿನಲ್ಲಿ ಹರಿದಾಡುತ್ತಿದ್ದರು. ದ್ಯಾಮಮ್ಮ ಅತ್ತೆಯ ಕಾಲು ಒತ್ತುತ್ತಿದ್ದಳು. ಬೆಕ್ಕು ಪಕ್ಕದಲ್ಲೇ ಮಲಗಿತ್ತು. ಹುಚ್ಚಮ್ಮ ಬೆಕ್ಕಿನ ಕಡೆ ನೋಡಲಿಲ್ಲ. ಅಷ್ಟು ವರ್ಷದ ಮೇಲೆ ಮೊದಲ ಸಲ ಸೊಸೆಯ ಮುಖ ನೋಡಿ ಮಾತಾಡಿದಳು.

“ಅವತ್ತು ಗುಡ್ಡದ ಮೇಲೆ ಹೆಂಗೆ ಕೂಗ್ದೆ?”

ದ್ಯಾಮಮ್ಮನ ಕೈ ನಿಂತಿತು.

“ನಾನೂ ಕೂಗ್ದೆ ಕಣೇ. ನೀನು ಕೆಲ್ಸಕ್ಕೆ ಹೋದಾಗೆಲ್ಲ ಬಾಗ್ಲು ಹಾಕ್ಕೊಂಡು ಕೂಗ್ತಿದ್ದೆ. ಪುಟ್ಟಾ, ಬಾರೋ ಪುಟ್ಟಾ ಅಂತ. ಹಬ್ಬಕ್ಕೆ ಬಾ ಅಂತ ಕರ್ಸಿದೋಳು ನಾನಲ್ವ? ಹೆತ್ತೋಳ ಕೂಗಿಗೆ ಒಂದ್ಸಲಾನೂ ಓ ಅನ್ಲಿಲ್ಲ. ನಿನ್ನ ಕೂಗಿಗೆ ಅಂದ್ನಂತಲ್ಲ?”

“ಅಂದ್ರು ಅತ್ತೆ.”

“ಹೆಂಗಂದ?”

“ಸಣ್ಣಗೆ. ಎಷ್ಟೋ ಕೆಳಗಿನಿಂದ.”

ಮುದುಕಿ ಸೊಸೆಯ ಕೈ ಹಿಡಿದಳು. “ಇನ್ನೊಂದ್ಸಲ ಕೂಗು. ನಾನೂ ಕೇಳ್ತೀನಿ.”

“ಲೈನಿನ ತುಂಬ ಜನ ಅವ್ರೆ ಅತ್ತೆ.”

“ಇನ್ನು ಯಾರ ಆಯುಸ್ಸು ಕಮ್ಮಿ ಆಗ್ಬೇಕೇ? ಕೂಗೇ ಮಾರಾಯ್ತಿ.”

ದ್ಯಾಮಮ್ಮ ಎದ್ದು ಬಾಗಿಲಿಗೆ ಬಂದಳು. ಎದುರಿಗೆ ಗಂಡಸರು ಬುತ್ತಿ ಡಬ್ಬಿ ಹಿಡಿದು ಹೋಗುತ್ತಿದ್ದರು. ಅವರ ತಲೆಗಳಾಚೆ, ಕಾರ್ಖಾನೆಯ ಹೊಗೆಯಾಚೆ, ಗುಡ್ಡಸಾಲು ಮಸುಕಾಗಿ ಕಾಣುತ್ತಿತ್ತು. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ, ಅವತ್ತಿನ ಹಾಗೆಯೇ, ಹೊಟ್ಟೆಯ ಆಳದಿಂದ ಕೂಗಿದಳು.

“ಪುಟ್ಟಯ್ಯಾ...”

ಲೈನು ಸ್ತಬ್ಧವಾಯಿತು. ಹೆಂಗಸರು ಬಾಗಿಲುಗಳಿಗೆ ಬಂದರು. ಮೇಸ್ತ್ರಿ ಶೇಷಪ್ಪ, ಈಗ ತಲೆಯೆಲ್ಲ ನರೆತವನು, ನಿಂತಲ್ಲೇ ರುಮಾಲು ತೆಗೆದ.

“ಪುಟ್ಟಯ್ಯಾ... ಓ ಪುಟ್ಟಯ್ಯಾ...”

ಅವಳ ಬೆನ್ನ ಹಿಂದೆ, ಒಳಗೆ, ಚಾಪೆಯ ಮೇಲಿನಿಂದ, ಸಣ್ಣಗೆ ಒಂದು ದನಿ ಬಂತು.

“ಓ...”

ದ್ಯಾಮಮ್ಮ ತಿರುಗಿ ನೋಡಿದಳು. ಹುಚ್ಚಮ್ಮ ಕಣ್ಣು ಮುಚ್ಚಿಕೊಂಡು, ಮಗ ಓಗೊಟ್ಟಂತೆಯೇ ಓಗೊಡುತ್ತಿದ್ದಳು. ಸೊಸೆ ಓಡಿಹೋಗಿ ಅತ್ತೆಯ ಪಕ್ಕಕ್ಕೆ ಬಿದ್ದು, ಅವಳ ಕಿವಿಗೆ ಬಾಯಿ ಹಚ್ಚಿ, ಮನೆಯಲ್ಲಿ ಹೇಳುತ್ತೇನೆಂದಿದ್ದ ಹೆಸರನ್ನು ಸಣ್ಣಗೆ ಮತ್ತೆ ಮತ್ತೆ ಹೇಳಿದಳು.